ನಿಧಾನವಾಗದ ಎಂಜಿನ್

ತಮ್ಮ ಕೊಟ್ಟಿದ್ದ ನಾಲ್ಕು ಡಯೋಡ್‌ಗಳನ್ನು ನಾನು ಅವನ ಪುಟ್ಟ ರೈಲಿನ ಎಂಜಿನ್‌ಗೆ ಹಾಕಲೇ ಇಲ್ಲ. ಹಾಕಿದ್ದೇನೆ ಎಂದು ಹೇಳಿದೆ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬತ್ತಲಗುಂಡಿನಲ್ಲಿ ಗಂಡನದು ಮೋಟಾರಿಗೆ ಕಾಯಿಲ್ ಕಟ್ಟುವ ಅಂಗಡಿ. ಅಲ್ಲಿ ಕೂತು ಕೈ ಪಳಗಿತು. ತಮ್ಮನಿಗೆ ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ತೋಟ, ಬಿಡುವಿನಲ್ಲಿ ರೈಲಿನ ಹುಚ್ಚು. ಮಂಚದಗಲದ ಹಲಗೆಯ ಮೇಲೆ ಎರಡು ತಿಂಗಳು ಹಳಿ ಜೋಡಿಸಿ, ಮಣ್ಣಿನಲ್ಲಿ ಬೆಟ್ಟ ಮಾಡಿದ್ದ. ಬೋಡಿ ಊರಿಗೆ ಹೋಗುತ್ತಿದ್ದ ಹಳೆಯ ರೈಲನ್ನು ಅವ್ವನಿಗೆ ಮತ್ತೆ ತೋರಿಸಬೇಕೆಂಬ ಆಸೆ ಅವನಿಗೆ. ಅವ್ವ ಮದುವೆಯಾಗಿ ಬಂದದ್ದು ಅದರಲ್ಲೇ.

ಅಂಗೈಯಷ್ಟಿದ್ದ ಎಂಜಿನ್ ಮಾತ್ರ ಕಣ್ಣಿಗೆ ಸಿಗದಂತೆ ಓಡುತ್ತಿತ್ತು.

“ಇದೊಂದು ರೈಲಾ?” ಎಂದಳು ಅವ್ವ. “ನಾ ಬಂದ ರೈಲಲ್ಲಿ ನಡುವೆ ಇಳ್ದು, ಹುಣಸೆಕಾಯಿ ಕಿತ್ಕೊಂಡು, ಮತ್ತೆ ಹತ್ಬೋದಿತ್ತು. ಇದು ಓತಿಕ್ಯಾತ.”

ತಮ್ಮ ಎಂಜಿನ್ನನ್ನು ನಮ್ಮ ಅಂಗಡಿಗೆ ತಂದು ನನ್ನ ಮುಂದಿಟ್ಟ. “ಅಕ್ಕಾ, ಮೋಟಾರಿಗೆ ಹೋಗೋ ವಯರಲ್ಲಿ ಇವನ್ನ ಸೇರ್ಸು. ಎರಡು ಈ ಕಡೆ ಮೊಗ, ಎರಡು ಆ ಕಡೆ. ಒಂದೊಂದೂ ಒಸಿ ಕರೆಂಟ್ ತಿನ್ನುತ್ತೆ, ವಂಡಿ ಮೆಲ್ಲಗೆ ಹೋಗುತ್ತೆ. ನನ್ ಬೆರಳು ದಪ್ಪ.”

ಹತ್ತು ನಿಮಿಷದ ಕೆಲಸ. ಆದರೆ ನಮ್ಮಲ್ಲಿಗೆ ಜನ ಬರುವುದೇ ಪಂಪಿನ ಮೋಟಾರು ನಿಧಾನವಾಯಿತೆಂದು ಗೋಳಾಡುತ್ತ. ಗಂಡ ಇಣುಕಿ ನೋಡಿದರು. “ಓಡೋ ಮೋಟಾರ್ ಕೆಡ್ಸೋಕಾ ಅಂಗಡಿ ಇಟ್ಟಿರೋದು? ಬೀದೀಲಿ ಗೊತ್ತಾದ್ರೆ ನಗ್ತಾರೆ.”

ನನಗೂ ಮನಸ್ಸು ಬರಲಿಲ್ಲ. ಡಯೋಡ್‌ಗಳನ್ನು ಡಬ್ಬಿಗೆ ಹಾಕಿದೆ. ಮೋಟಾರಿನ ಮಸಿ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು ಕಳಿಸಿದೆ. ಕೆಲಸ ಚೆನ್ನಾಗಿಯೇ ಆಗಿತ್ತು. ಎಂಜಿನ್ ಮೊದಲಿಗಿಂತ ಜೋರಾಯಿತು.

ಮಾರನೆಯ ದಿನವೇ ಫೋನು. “ಅಕ್ಕಾ, ತಿರುವಲ್ಲಿ ಹಾರಿ ಮೆಣಸಿನಕಾಯಿ ಮೊರಕ್ಕೆ ಬಿತ್ತು. ನೀ ಹಾಕಿದೀಯ ತಾನೆ?”

“ಹಾಕಿದೀನಿ.”

“ಹಂಗಂದ್ರೆ ನನ್ನ ಹಳೀದೇ ತಪ್ಪು” ಎಂದು ನಕ್ಕ.

ತಿರುವು ಕಿತ್ತು ಮತ್ತೆ ಜೋಡಿಸಿದ. ಎಂಜಿನ್ ಕಾವಿಗೆ ಕೂತ ಕೋಳಿಯ ಮೇಲೆ ಹೋಗಿ ಬಿತ್ತು. ಕೋಳಿ ಆ ದಿನವೆಲ್ಲ ಮೊಟ್ಟೆಗಳ ಹತ್ತಿರ ಬರಲಿಲ್ಲ. ಮತ್ತೆ ಕಿತ್ತ. ಈ ಸಲ ಬೆಟ್ಟವೂ ಹೋಯಿತು, ಅವ್ವನ ಕಾಫಿಯೂ ಹೋಯಿತು. ಪ್ರತಿ ಸಲವೂ ನಾನು, “ಹಳಿ ಸರಿಯಾಗಿ ನೋಡ್ಕೊ” ಎಂದೆ.

ಮೂರನೆಯ ಫೋನಿನಲ್ಲಿ ಅವನು ನಗಲಿಲ್ಲ. “ನನ್ ಕೈಲಿ ಆಗಲ್ಲ ಅಕ್ಕಾ. ನಾಳೆ ಎಲ್ಲಾ ಬಿಚ್ಚಿ ಹಾಕ್ತೀನಿ.”

ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಸೋಲ್ಡರಿಂಗ್ ಐರನ್, ಆ ಡಬ್ಬಿ. ನಾನು ಹೋದಾಗ ಅವನು ಹಳಿಯ ಮೊಳೆ ಕೀಳುತ್ತಿದ್ದ. ಎಂಜಿನ್ ಬಿಚ್ಚಿದೆ. ಅವನು ಬಗ್ಗಿ ಒಳಗೆ ನೋಡಿದ. ಅಲ್ಲಿ ಏನೂ ಇರಲಿಲ್ಲ.

“ಬಿದ್ದೋಗಿದ್ವಾ ಅಕ್ಕಾ?” ಎಂದ.

ಹೌದು ಎಂದಿದ್ದರೆ ನಂಬುತ್ತಿದ್ದ.

“ಬಿದ್ದೋಗ್ಲಿಲ್ಲ, ತಂಬಿ. ನಾ ಹಾಕ್ಲೇ ಇಲ್ಲ. ಮೋಟಾರ್ ನಿಧಾನ ಮಾಡೋಕೆ ನಾಚ್ಕೆ ಆಯ್ತು, ಸುಳ್ಳು ಹೇಳ್ದೆ. ನಿನ್ ಹಳೀಲಿ ಒಂದು ತಪ್ಪೂ ಇರ್ಲಿಲ್ಲ. ತಪ್ಪು ನಂದು, ಮನ್ನಿಸ್ಬಿಡು.”