ಅಲಮೇಲು ಅತ್ತೆಯ ಸಯಾನಿಕ್

ವೈಯಾಲಿಕಾವಲ್‌ನ ಮಧುಸೂದನನ ಬಗ್ಗೆ ಯಾರನ್ನೇ ಕೇಳಿ, ಮನುಷ್ಯ ಪಕ್ಷಪಾತ ಮಾಡುವವನಲ್ಲ ಎಂಬ ಮಾತು ಮೊದಲು ಬರುತ್ತಿತ್ತು. ಖಾಸಗಿ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಅರ್ಧ ಅಂಕ ಕಳೆದರೂ ಯಾಕೆ ಕಳೆದೆ ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವವನು. ಮದುವೆಯ ಮಾತೆತ್ತಿದರೆ ನಕ್ಕು ಜಾರಿಕೊಳ್ಳುತ್ತಿದ್ದ. ಅವನಿಗಿದ್ದ ಗೀಳೆಂದರೆ ಒಂದೇ, ಭಾನುವಾರದ ಆಟ.

ಆಟ ನಡೆಯುತ್ತಿದ್ದದ್ದು ಬಸವನಗುಡಿಯಲ್ಲಿ, ಅವನ ಸೋದರತ್ತೆ ಅಲಮೇಲುವಿನ ಮನೆಯ ಊಟದ ಮೇಜಿನ ಮೇಲೆ. ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಬೇಕು; ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಾಂತ್ರಿಕ. ಮಧುಸೂದನ ಕಥೆ ಹೇಳುತ್ತಾ ಹೋಗುವನು, ನಡುವೆ ರಾಕ್ಷಸರನ್ನು ತಂದು ನಿಲ್ಲಿಸುವನು. ಏಟು ಬಿತ್ತೋ ತಪ್ಪಿತೋ ಎನ್ನುವುದನ್ನು ದಾಳ ಹೇಳುತ್ತಿತ್ತು, ಉಳಿದದ್ದನ್ನೆಲ್ಲ ನಿಯಮದ ದಪ್ಪ ಇಂಗ್ಲಿಷ್ ಪುಸ್ತಕ. ಆ ಪುಸ್ತಕ ತೆರೆಯುವ ಅಧಿಕಾರ ಮಧುಸೂದನನೊಬ್ಬನದೇ.

ಅಲಮೇಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮೊದಮೊದಲು ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದರು. ಆಮೇಲೆ ಕುರ್ಚಿಯ ಹಿಂದೆ ನಿಂತು ಕೇಳತೊಡಗಿದರು. 2004ರ ಒಂದು ಭಾನುವಾರ ತಾವೇ ಒಂದು ಕುರ್ಚಿ ಎಳೆದುಕೊಂಡು ಕೂತರು.

"ನನಗೂ ಒಂದು ಪಾತ್ರ ಕೊಡೋ ಮಧು. ಕತ್ತಿ ಗಿತ್ತಿ ಬೇಡ."

ಮಧುಸೂದನ ಅವರಿಗೆ ಸಯಾನಿಕ್ ಎಂಬುದನ್ನು ಕೊಟ್ಟ. ಮಂತ್ರವಿಲ್ಲ, ತಂತ್ರವಿಲ್ಲ, ಬರಿಯ ಮನಸ್ಸಿನ ಬಲದಿಂದಲೇ ಕಲ್ಲೆತ್ತುವ, ಇನ್ನೊಬ್ಬರ ತಲೆಯೊಳಗೆ ಮಾತಾಡುವ ಪಾತ್ರ. ಅತ್ತೆಗೆ ಹಿಗ್ಗೋ ಹಿಗ್ಗು. "ಕಾಣದೇ ಇರೋರ ಕಿವೀಲಿ ಮಾತಾಡೋದು ನನಗೇನು ಹೊಸದಲ್ಲ ಕಣೋ" ಎಂದರು.

ತಂಟೆ ಶುರುವಾದದ್ದು ಅಲ್ಲಿಂದ. ಮಾವಳ್ಳಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಧರ್ಮೇಂದ್ರ ಮಾಂತ್ರಿಕನ ಪಾತ್ರ ಆಡುತ್ತಿದ್ದ. ಮಾಂತ್ರಿಕನಿಗೆ ಕಥೆಯೊಳಗಿನ ಒಂದು ದಿನಕ್ಕೆ ಇಷ್ಟೇ ಮಂತ್ರ ಎಂಬ ಲೆಕ್ಕ. ಬೆಳಿಗ್ಗೆಯೇ ಆರಿಸಿ ಬಾಯಿಪಾಠ ಮಾಡಿಕೊಳ್ಳಬೇಕು, ಒಮ್ಮೆ ಹೇಳಿದರೆ ಅದು ಖರ್ಚಾಯಿತು. ಸಯಾನಿಕ್‌ಗೆ ಹಾಗಲ್ಲ. ಆ ಪಾತ್ರದ ಹತ್ತಿರ ದಿನಕ್ಕೆ ಶಕ್ತಿಯ ಪಾಯಿಂಟುಗಳ ಒಂದು ಗಂಟು ಇರುತ್ತದೆ. ಬೇಕಾದದ್ದನ್ನು ಬೇಕಾದಾಗ ಮಾಡಬಹುದು, ಹೆಚ್ಚು ಪಾಯಿಂಟು ಸುರಿದರೆ ಹೆಚ್ಚು ಏಟು. "ಎಷ್ಟು ಸುರೀಬಹುದು?" ಎಂದು ಅತ್ತೆ ಕೇಳಿದ್ದರು. ಮಧುಸೂದನ ಪುಸ್ತಕ ನೋಡದೆಯೇ "ಇರೋಷ್ಟೂ ಸುರೀರಿ ಅತ್ತೆ" ಎಂದಿದ್ದ.

ಅವರು ಹಾಗೆಯೇ ಮಾಡಿದರು. ಮಧುಸೂದನ ತಿಂಗಳುಗಟ್ಟಲೆ ಸಾಕಿ ಬೆಳೆಸಿದ ಗುಹೆಯ ರಾಕ್ಷಸ ಬಾಯಿ ತೆರೆದು ಎರಡು ಮಾತಾಡುವಷ್ಟರಲ್ಲಿ, ಅತ್ತೆ ಗಂಟಿನ ಮುಕ್ಕಾಲು ಪಾಲನ್ನು ಒಂದೇ ಏಟಿಗೆ ಸುರಿದು ಅವನನ್ನು ಮಲಗಿಸಿಬಿಟ್ಟರು. ಮೇಜಿನ ಸುತ್ತ ಚಪ್ಪಾಳೆ. ಧರ್ಮೇಂದ್ರ ಮಾತ್ರ ತನ್ನ ಪಾತ್ರದ ವಿವರದ ಹಾಳೆ ಮಡಚಿಟ್ಟ.

"ಇನ್ನು ನಾನ್ ಯಾಕ್ ಬರ್ಲಿ ಗುರು? ಅತ್ತೆ ಒಬ್ರೇ ಸಾಕಲ್ಲ?"

ಮುಂದಿನ ವಾರ ಮಧುಸೂದನ ಅತ್ತೆಯ ಗಂಟನ್ನು ಅರ್ಧಕ್ಕೆ ಇಳಿಸಿದ. ಅತ್ತೆ ಯಾಕೆಂದು ಕೇಳಲಿಲ್ಲ. ಅವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಸಯಾನಿಕ್ ಮತ್ತು ಮಾಂತ್ರಿಕರನ್ನು ತಕ್ಕಡಿಯಲ್ಲಿಟ್ಟು ತೂಗುವ ಲೇಖನವೊಂದನ್ನು ಬರೆದು, ಈ ಆಟ ಆಡುವವರ ಇಂಟರ್ನೆಟ್ ಗುಂಪಿಗೆ ಹಾಕಿದ. ಕೋಷ್ಟಕ, ಸರಾಸರಿ, ಸಂಭವನೀಯತೆ, ಎಲ್ಲ ಇದ್ದವು. ಸಯಾನಿಕ್ ಆಟವನ್ನೇ ಕೆಡಿಸುವ ಪಾತ್ರ ಎಂಬುದು ಅವನ ತೀರ್ಮಾನ. ಜನ ಹೊಗಳಿದರು. 2005ರಲ್ಲಿ ಊರಿನ ಆಟಗಾರರೆಲ್ಲ ಮಲ್ಲೇಶ್ವರದ ಒಂದು ಸಣ್ಣ ಸಭಾಂಗಣದಲ್ಲಿ ಸೇರಿದಾಗ, ಅದರ ಮೇಲೆ ಮಾತಾಡಲು ಅವನನ್ನೇ ಕರೆದರು.

ಅತ್ತೆಯೂ ಬಂದರು. ಸೋದರಳಿಯ ಸಭೆಯಲ್ಲಿ ಮಾತಾಡುತ್ತಾನೆಂದು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಿಂದಿನ ಸಾಲಿನಲ್ಲಿ ಕೂತರು.

ಮಾತು ಚೆನ್ನಾಗಿಯೇ ಸಾಗಿತ್ತು. ನಗಿಸಲೆಂದು ಗುಹೆಯ ರಾಕ್ಷಸನ ಕಥೆ ಹೇಳಿದ. "ನಮ್ಮ ಮನೇಲೊಬ್ಬರು ಹಿರಿಯರಿದ್ದಾರೆ, ಕಾಫಿ ಲೋಟ ಕೆಳಗಿಡೋಷ್ಟರಲ್ಲಿ ರಾಕ್ಷಸ ಖಲಾಸ್" ಎಂದ. ಜನ ಘೊಳ್ಳೆಂದು ನಕ್ಕರು. ಹಿಂದಿನ ಸಾಲಿನಲ್ಲಿ ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆಗ ಸಂಧ್ಯಾ ಎಂಬ ಹುಡುಗಿ ಎದ್ದು ನಿಂತಳು. ಲೇಖನ ಹೊಗಳಿದವರಲ್ಲಿ ಅವಳೂ ಒಬ್ಬಳು.

"ಸರ್, ಒಂದು ಡೌಟು. ಒಂದು ಸಲಕ್ಕೆ ನಮ್ಮ ಪಾತ್ರ ಎಷ್ಟನೇ ಲೆವೆಲ್‌ಗೆ ಏರಿದೆಯೋ ಅಷ್ಟೇ ಪಾಯಿಂಟ್ ಸುರೀಬೇಕು ಅಂತ ಮಿತಿ ಇದೆಯಲ್ಲ? ಐದನೇ ಲೆವೆಲ್ ಅಂದ್ರೆ ಐದೇ ಪಾಯಿಂಟು. ಅಷ್ಟಕ್ಕೆ ರಾಕ್ಷಸ ಸಾಯೋದಿಲ್ವಲ್ಲ?"

ಮಧುಸೂದನನಿಗೆ ಸಯಾನಿಕ್ ಅಧ್ಯಾಯದ ಮೊದಲ ಪುಟಗಳನ್ನು, ಗೊತ್ತಿರುವುದೇ ಇರಬೇಕೆಂದು, ಹಾರಿಸಿ ಓದಿದ್ದು ನೆನಪಾಯಿತು. ಕೋಷ್ಟಕ, ಸರಾಸರಿ ಎಲ್ಲ ಅದೊಂದು ಸಾಲಿನ ಮುಂದೆ ಕಸವಾದವು. ಎದುರಿಗೆ ಅಷ್ಟೂ ಮುಖ ಕಾಯುತ್ತಿದ್ದವು. 'ನಾನು ಓದಿರಲಿಲ್ಲ' ಎಂದಿದ್ದರೆ ಮುಗಿಯುತ್ತಿತ್ತು.

"ಮಿತಿ ಇದೆ, ಗೊತ್ತು" ಎಂದ. "ನಾನು ಹೇಳಿದ್ದೆ. ಆದ್ರೆ ಆಡೋರು ಪಾಲಿಸ್ಬೇಕಲ್ಲ? ವಯಸ್ಸಾದೋರು, ಏನ್ ಮಾಡೋದು?"

ಮತ್ತೆ ನಗು. ಈ ಸಲ ಅತ್ತೆ ನಗಲಿಲ್ಲ. ಸೆರಗು ಬಾಯಿಂದ ಇಳಿದಿತ್ತು. ಅವನು ಆ ಕಡೆ ನೋಡದೆ ಹೇಗೋ ಮಾತು ಮುಗಿಸಿದ.

ಆಟೋದಲ್ಲಿ ವಾಪಸು ಬರುವಾಗ ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಗಾಂಧಿ ಬಜಾರಿನಲ್ಲಿ ಇಳಿದು ವೀಳ್ಯದೆಲೆ ಕೊಂಡರು, ಸೌತೆಕಾಯಿ ಎಳೆಯದಿದೆ ನೋಡು ಎಂದರು. ಬಾಗಿಲ ಬೀಗ ತೆಗೆಯುತ್ತಾ, "ಭಾನುವಾರ ನೀವು ಆಡ್ಕೊಳ್ಳಿ. ನನಗೆ ಮಂಡಿ ನೋವು, ತುಂಬ ಹೊತ್ತು ಕೂರಕ್ಕಾಗಲ್ಲ" ಎಂದರು.

ಮುಂದಿನ ವಾರಗಳಲ್ಲಿ ಕಾಫಿ ಬಂತು, ಅತ್ತೆ ಆಟಕ್ಕೆ ಕೂರಲಿಲ್ಲ. ಒಳಗಿನ ಕೋಣೆಯಲ್ಲಿ ಅವರು ಓಡಾಡುವ ಸದ್ದು ಕೇಳುತ್ತಿತ್ತು. ಮಧುಸೂದನ ಆ ಲೋಟ ಎತ್ತಿದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಕಾಲೇಜಿನಲ್ಲಿ ಹುಡುಗನೊಬ್ಬ ಕಾಪಿ ಹೊಡೆದು ಸಿಕ್ಕಿಬಿದ್ದಾಗ ಬೈಯಲು ಹೋಗಿ, ಬರಿಯ ಹಾಳೆ ಕಿತ್ತುಕೊಂಡು ಕಳಿಸಿದ. ಓದದೇ ಬಿಟ್ಟದ್ದಕ್ಕಲ್ಲ ಅವನಿಗೆ ನಾಚಿಕೆ. ನಾಲಿಗೆ ಒಂದು ಕ್ಷಣವೂ ತಡೆಯದೆ ಅತ್ತೆಯನ್ನು ಮುಂದೆ ತಳ್ಳಿದ್ದಕ್ಕೆ. ಅಷ್ಟು ಸುಲಭವಾಗಿ ಬಂದ ಮಾತು ಎಷ್ಟು ದಿನದಿಂದ ತನ್ನೊಳಗಿತ್ತೋ ಎಂದು ಹೆದರಿದ.

ಕಡೆಗೆ ಒಂದು ಭಾನುವಾರ, ಎಲ್ಲರೂ ಕೂತ ಮೇಲೆ, ಒಳಗೆ ಹೋಗಿ "ಒಂದ್ನಿಮಿಷ ಬನ್ನಿ ಅತ್ತೆ" ಎಂದು ಕರೆದ. ಅವರು ಬಂದು ಬಾಗಿಲಲ್ಲೇ ನಿಂತರು. ಮಧುಸೂದನ ಧರ್ಮೇಂದ್ರನ ಕಡೆ ತಿರುಗಿ ಹೇಳಿದ:

"ಅತ್ತೆ ಯಾವ ನಿಯಮಾನೂ ಮುರೀಲಿಲ್ಲ. ಮಿತಿ ಇದೆ ಅಂತ ನಾನು ಓದೇ ಇರಲಿಲ್ಲ. ಇರೋಷ್ಟೂ ಸುರೀರಿ ಅಂದೋನು ನಾನೇ. ಸಭೇಲಿ ಸುಳ್ಳು ಹೇಳ್ದೆ."

ಧರ್ಮೇಂದ್ರ ಮೇಜು ನೋಡಿದ. "ಅಯ್ಯೋ, ಬಿಡು ಮಚ್ಚಾ" ಎಂದು ಗೊಣಗಿದ.

"ಇವರ ಮುಂದೆ ಹೇಳಿದ್ಯಲ್ಲ, ಸರಿ" ಎಂದರು ಅಲಮೇಲು. "ಇವರಿಗೆ ನಾನು ಯಾರು ಅಂತ ಗೊತ್ತು. ಅವತ್ತು ನಕ್ಕವರಿಗೆ ಗೊತ್ತಿಲ್ಲವಲ್ಲೋ ಮಧು."

ಮಧುಸೂದನ ಅಂದೇ ಇಂಟರ್ನೆಟ್ ಗುಂಪಿಗೆ ತಪ್ಪೊಪ್ಪಿಗೆ ಬರೆದು ಹಾಕಿದ, ಲೇಖನ ತೆಗೆದ. ಸಂಧ್ಯಾ ಒಬ್ಬಳೇ ಉತ್ತರಿಸಿದಳು. ಉಳಿದವರು ಅಷ್ಟರಲ್ಲಿ ಬೇರೆ ಜಗಳಕ್ಕೆ ಹೋಗಿದ್ದರು.

ಒಂದೆರಡು ತಿಂಗಳ ನಂತರ ಅತ್ತೆ ತಾವಾಗಿಯೇ ಮೇಜಿಗೆ ಮರಳಿದರು, ಅದೇ ಸಯಾನಿಕ್ ಬೇಕೆಂದರು. ಪೂರ್ತಿ ಗಂಟು, ಏಟಿಗೆ ಮಿತಿ. ಹಾಗೆ ಆಡಿದಾಗ ತಕ್ಕಡಿ ತಾನಾಗಿ ನೆಟ್ಟಗಾಯಿತು. ದಿನಕ್ಕೊಂದೇ ಕಾಳಗವಾದರೆ ಅತ್ತೆಯ ಕೈ ಮೇಲೆ. ಮೂರು ನಾಲ್ಕು ಬಂದರೆ ಅವರ ಗಂಟು ಬರಿದಾಗಿ, ಜೋಪಾನವಾಗಿ ಎತ್ತಿಟ್ಟುಕೊಂಡ ಮಂತ್ರದಿಂದ ಧರ್ಮೇಂದ್ರ ಕಾಪಾಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ಖರ್ಚು ಮಾಡುವುದನ್ನು ಕಲಿತರು. ಒಂದು ಸಾಲು ಓದಿದ್ದರೆ ಇದೆಲ್ಲ ಮೊದಲೇ ಆಗುತ್ತಿತ್ತು.

ಆದರೆ ಸಭೆಯಲ್ಲಿ ಆಡಿದ ಮಾತಿಗೆ ಅವನ ಹಿಡಿತವಿರಲಿಲ್ಲ. ಬಸವನಗುಡಿಯಲ್ಲಿ ಮೋಸದಿಂದ ಆಡುವ ಅತ್ತೆಯೊಬ್ಬರಿದ್ದಾರೆ ಎಂಬುದು ಊರಿನ ಆಟಗಾರರ ನಡುವೆ ಬಾಯಿಂದ ಬಾಯಿಗೆ ಹೋಗಿ ಒಂದು ತಮಾಷೆಯಾಗಿ ನಿಂತುಬಿಟ್ಟಿತು. 2008ರಲ್ಲಿ ಚಾಮರಾಜಪೇಟೆಯ ಅಭಿರಾಮ ಎಂಬ ಬ್ಯಾಂಕ್ ನೌಕರ ಹೊಸದಾಗಿ ಮೇಜಿಗೆ ಬಂದ. ಅತ್ತೆ ದಾಳ ಎತ್ತಿಕೊಂಡದ್ದು ನೋಡಿ ಅವನ ಮುಖವರಳಿತು.

"ಅಂದ್ರೆ... ಆ ಅತ್ತೆ ನೀವೇನಾ ಮೇಡಂ? ಒಂದೇ ಏಟಿಗೆ ರಾಕ್ಷಸ?"

ಅಲಮೇಲುವಿಗೆ ಆಗ ಅರವತ್ತೈದು ದಾಟಿತ್ತು. "ನಾನೇ ಕಣಪ್ಪ, ಕೂತ್ಕೋ" ಎಂದರು. ಕೋಪವಿರಲಿಲ್ಲ, ನಗುವೂ ಇರಲಿಲ್ಲ. ಅವರು ಮಧುಸೂದನನ ಕಡೆ ನೋಡಲೂ ಇಲ್ಲ. ನೋಡುವ ಅಗತ್ಯವಿರಲಿಲ್ಲ, ಪ್ರತಿ ಸಲವೂ ಹೇಳಬೇಕಾದವನು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಮಧುಸೂದನ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. ಕಿವಿ ಆಗಲೇ ಕೆಂಪಾಗಿತ್ತು.

"ಆಟ ಶುರು ಮಾಡೋಕೆ ಮುಂಚೆ ನಿಮಗೊಂದು ವಿಷಯ ಹೇಳ್ಬೇಕು, ಅಭಿರಾಮ್" ಎಂದ.