ದೊಡ್ಡಮ್ಮನ ಸೋಲ್ಡರಿಂಗ್ ಐರನ್

ಮೊನ್ನೆ ಮನೆಯ ಹಳೆಯ ರೇಡಿಯೊವನ್ನು ಚೀಲದಲ್ಲಿ ಹಾಕಿಕೊಂಡು ಹಲಸೂರಿನ ರಿಪೇರಿ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಕೂತಿದ್ದವರಿಗೆ ಎಂಬತ್ತರ ಹತ್ತಿರದ ವಯಸ್ಸು. ಕೈ ಕೊಂಚ ನಡುಗುತ್ತಿತ್ತು. ಚೀಲವನ್ನು ಎದೆಗೊತ್ತಿಕೊಂಡು, ವಾಪಸು ಹೋಗಲೊಂದು ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರು ಯಾವುದೋ ತಂತಿಗೆ ಬೆಸುಗೆ ಹಾಕಿದರು. ರಾಳ ಸುಟ್ಟ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ದೊಡ್ಡಮ್ಮ ನೆನಪಾಗಿ ಕಾಲು ಅಲ್ಲೇ ನಿಂತಿತು.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟೆಲಿಫೋನುಗಳಿಗೆ ಬೆಸುಗೆ ಹಾಕಿದವಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಶಿಫ್ಟ್ ಹೊಂದ್ಲಿಲ್ಲ" ಅನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಕಿಟಕಿಯ ಪಕ್ಕ ಅವಳ ಮೇಜು. ಬೀದಿಯವರ ಮಿಕ್ಸಿ, ಟಾರ್ಚು, ಪಕ್ಕದ ಮನೆಯ ತಮಿಳು ಮೇಷ್ಟರ ಟೇಪ್‌ರೆಕಾರ್ಡರ್, ಎಲ್ಲಕ್ಕೂ ಅದೇ ಆಸ್ಪತ್ರೆ.

ನಾನೋ, ಚಿಂತೆಯನ್ನೇ ಕಸುಬಾಗಿಸಿಕೊಂಡವನು. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ನೋಡಲು ಇಂದಿರಾನಗರದಿಂದ ಮನೆಗೆ ಓಡಿಬಂದಿದ್ದೇನೆ. ಅವತ್ತು ಸಿಲಿಂಡರೇ ಖಾಲಿ. ದೊಡ್ಡಮ್ಮನಿಗೆ ಎಪ್ಪತ್ತೇಳಾಗಿದ್ದಾಗ ಅವಳ ಹೆಬ್ಬೆರಳಿನ ಮೇಲೆ ಅವರೆಕಾಳಿನಷ್ಟು ಸುಟ್ಟ ಗುಳ್ಳೆ ಕಂಡಿತು. ಅಂಥವನ್ನು ಅವಳು ಕಾರ್ಖಾನೆಯಲ್ಲಿ ಎಷ್ಟು ಕಂಡಿದ್ದಳೋ. ನಾನು ಮಾತ್ರ ಅವತ್ತೇ ಬೆಸುಗೆ ಹಾಕುವ ಐರನ್ನನ್ನು ಅಟ್ಟದ ಮೇಲೆ ಬಚ್ಚಿಟ್ಟು, "ಕೆಟ್ಟೋಗಿದೆ, ರಿಪೇರಿಗೆ ಕೊಟ್ಟಿದ್ದೀನಿ" ಎಂದೆ. ರಿಪೇರಿ ಮಾಡುವವಳಿಗೇ! ಸಾಲದ್ದಕ್ಕೆ ಬೀದಿಯಲ್ಲೆಲ್ಲ, "ದೊಡ್ಡಮ್ಮಂಗೆ ಕಣ್ಣು ಕಾಣಲ್ಲ, ಏನೂ ಕೊಡ್ಬೇಡಿ" ಎಂದು ಹೇಳಿಬಂದೆ.

ಜನ ಬರುವುದು ನಿಂತಿತು. ದೊಡ್ಡಮ್ಮ ಬರಿಗೈಯಲ್ಲಿ ಕಿಟಕಿಯ ಪಕ್ಕ ಕೂರತೊಡಗಿದಳು. ಊಟ ಕಡಿಮೆಯಾಯಿತು, ಮಾತು ಇನ್ನೂ ಕಡಿಮೆಯಾಯಿತು. "ವಯಸ್ಸಾಯ್ತಲ್ಲ" ಎಂದು ಹೆಂಡತಿಗೆ ವಿವರಿಸಿದೆ. ವಯಸ್ಸಾದವರನ್ನು ಹೊಡೆದು ಕೂಡಿಹಾಕಿದವರ ಸುದ್ದಿ ಓದಿ "ಎಂಥ ಜನ!" ಎಂದು ಲೊಚಗುಟ್ಟುತ್ತಿದ್ದವನೂ ನಾನೇ.

ಒಂದು ಮಧ್ಯಾಹ್ನ ಶಿವಾಜಿನಗರದ ಜುಬೇದಾ ಆಪಾ ಬಂದರು. ಬಟ್ಟೆ ಹೊಲಿಯುವವರು, ಮೆಷಿನ್ನಿನ ಮೋಟಾರು ನಿಂತಾಗಲೆಲ್ಲ ಅವರಿಗೆ ದೊಡ್ಡಮ್ಮನೇ ಗತಿ. ಬಾಗಿಲಲ್ಲೇ ನನ್ನ ಪಾಠ ಒಪ್ಪಿಸಿದೆ.

"ಕಣ್ಣು ಹೋಯ್ತಾ? ಆಪರೇಷನ್ ಆಗಿ ಎರಡು ವರ್ಷ ಆಯ್ತಲ್ಲ! ಮೊನ್ನೆ ಹಬ್ಬಕ್ಕೆ ಶೀರ್ ಖುರ್ಮಾ ತಂದಾಗ ನನ್ ಕುರ್ತಾ ಹೊಲಿಗೆ ಬಿಟ್ಟಿರೋದನ್ನ ಅಲ್ಲಿಂದ್ಲೇ ತೋರಿಸಿದ್ರು!" ಎನ್ನುತ್ತ ಆಪಾ ಒಳಗೇ ಬಂದರು. ದುಪಟ್ಟಾಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ದಾರದೊಂದಿಗೆ ದೊಡ್ಡಮ್ಮನ ಕೈಗಿಟ್ಟರು. ಅವಳು ಒಂದೇ ಸಲಕ್ಕೆ ಪೋಣಿಸಿದಳು.

ಆಪಾ ದಾರ ಎಳೆದು ತೆಗೆದು ಸೂಜಿಯನ್ನು ನನ್ನತ್ತ ಚಾಚಿದರು. "ಈಗ ನೀವು ಪೋಣ್ಸಿ ಜೀ."

ನಾಲ್ಕು ಸಲ ಪ್ರಯತ್ನಿಸಿದೆ. ದಾರ ಎಂಜಲಾಯಿತೇ ಹೊರತು ತೂರಲಿಲ್ಲ. ಓದುವ ಕನ್ನಡಕ ಹಾಕಿಕೊಂಡರೆ ಮುದುಕನೆಂದಾರು ಎಂದು ಅದನ್ನು ಒಂದು ವರ್ಷದಿಂದ ಬೀರುವಿನಲ್ಲಿಟ್ಟಿದ್ದೆ.

"ಕ್ಯಾ ಜೀ," ಎಂದರು ಆಪಾ, "ಕಣ್ಣು ಹೋಗಿರೋದು ನಿಮ್ದು, ಕೈ ಕಟ್ಟಿರೋದು ಅಮ್ಮಾಂದು?"

ಏಣಿ ಹಾಕಿ ಅಟ್ಟ ಹತ್ತಿದೆ. "ಇಡ್ಲಿ ಪಾತ್ರೆ ಹಿಂದೆ ಕಣೋ" ಎಂದಳು ದೊಡ್ಡಮ್ಮ, ಕೆಳಗಿನಿಂದ.

"ಗೊತ್ತಿತ್ತಾ? ಕೇಳ್ಬಾರ್ದಿತ್ತಾ?"

"ನನ್ ಸಾಮಾನು ನಿನ್ ಹತ್ರ ಯಾಕೋ ಬೇಡ್ಲಿ?" ಏಣಿಯನ್ನು ಒತ್ತಿ ಹಿಡಿದುಕೊಂಡು ಹೇಳಿದಳು: "ಅದಿರ್ಲಿ, ಬೀದಿಗೆಲ್ಲ ಕುರುಡಿ ಅಂತ ಸಾರ್ಬಿಟ್ಯಲ್ಲೋ."

ಏಣಿಯ ಮೇಲಿಂದಲೇ "ತಪ್ಪಾಯ್ತು ದೊಡ್ಡಮ್ಮ" ಎಂದೆ. ಇಳಿಯಲು ಮುಖವಿರಲಿಲ್ಲ.

"ಅಷ್ಟು ಹೆದರಿಕೆ ಇದ್ರೆ ಪಕ್ಕ ಕೂತ್ಕೊಂಡು ತಂತಿ ಹಿಡ್ಕೋ. ಕನ್ನಡಕ ಹಾಕ್ಕೊಂಡು ಬಾ."

ಅವತ್ತು ಸಂಜೆ ಮತ್ತೆ ಮನೆಮನೆಗೆ ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಹೇಳಿಬಂದೆ. ಮರುದಿನವೇ ಮೂರು ಮಿಕ್ಸಿ ಬಂದವು. ಎಂಬತ್ತನಾಲ್ಕರವರೆಗೂ ದೊಡ್ಡಮ್ಮ ಬೆಸುಗೆ ಹಾಕಿದಳು, ನಾನು ತಂತಿ ಹಿಡಿದೆ. ಅವಳು ಹೋದ ಮೇಲೆ ಐರನ್ ನನ್ನ ಬಳಿಯೇ ಇದೆ. ಕೈಚಳಕ ಮಾತ್ರ ಬರಲಿಲ್ಲ.

ಹಲಸೂರಿನ ಅಂಗಡಿಯಲ್ಲಿ ರೇಡಿಯೊವನ್ನು ಚೀಲದಿಂದ ತೆಗೆದು ಹಿರಿಯರ ಮುಂದಿಟ್ಟೆ. ಬಿಚ್ಚಿ ಬೆಸುಗೆ ಹಾಕುವಾಗ ಅವರ ಹೆಬ್ಬೆರಳಿಗೆ ಬಿಸಿ ತಾಕಿತು. "ಅಯ್ಯೋ ಬಿಡಿ ಸಾರ್" ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ತಂತಿ ಹಿಡ್ಕೊಳ್ಳಲಾ?"

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹಿಡ್ಕೊಳ್ಳಿ. ನಿಮ್ ಕೈ ನಡುಗಲ್ಲ ತಾನೆ?"

ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಅವರ ಪಕ್ಕ ಕೂತೆ.