ಅಂಗಳದ ತಂತಿ

ಯಲ್ಲಾಪುರದಲ್ಲಿ ನಮ್ಮ ಪಕ್ಕದ ಮನೆಯ ಚಾಚಾ ಅಂಗಳ ದಾಟುವಾಗ ನಟ್ಟನಡುವೆ ಒಮ್ಮೆ ತಲೆ ತಗ್ಗಿಸುತ್ತಿದ್ದರು. ಕುತ್ತಿಗೆನೋವಿರಬೇಕು ಅಂದುಕೊಂಡಿದ್ದೆ.

ಲಾರಿ ವ್ಯವಹಾರ ಬಿಟ್ಟ ಮೇಲೆ ಅವರಿಗೆ ದೂರದೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಒಂದೇ ಹುಚ್ಚು. ಆಂಟೆನಾವನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದನ್ನು ನನಗೆ ಕಲಿಸಿದವರು ಅವರೇ. ಸುತ್ತಲಿನ ತಂತಿಬೇಲಿ, ತಗಡು, ಲೋಹದ್ದು ಎಲ್ಲವನ್ನೂ ಅದಕ್ಕೆ ತಿಳಿಸಬೇಕು. ಇಲ್ಲದಿದ್ದರೆ ಆಂಟೆನಾ ಹೇಗೆ ಕೆಲಸ ಮಾಡುತ್ತದೆಂಬ ಅದರ ಲೆಕ್ಕ ತಪ್ಪುತ್ತದೆ. "ಒಂದು ತಂತೀನೂ ಬಿಡಬ್ಯಾಡ, ಬೇಟಾ" ಅನ್ನುತ್ತಿದ್ದರು, ಚಹಾ ಬಸಿಗೆ ಸುರಿದು ಊದುತ್ತ.

ಒಂದು ದಿನ ಪರದೆಯ ಮೇಲೆ, ಹಲಸಿನ ಮರದಿಂದ ಬಚ್ಚಲುಮನೆಗೆ ಅಂಗಳದ ನಡುವೆ ಎಳೆದ ತಂತಿಯೊಂದು ಕಂಡಿತು. ಅಂಗಳದಲ್ಲಿ ಅಂಥದ್ದಿರಲಿಲ್ಲ.

"ಇದು ಯಾವ್ದು ಚಾಚಾ?"

"ನಿಮ್ಮ ಚಾಚಿ ಬಟ್ಟೆ ಒಣಹಾಕ್ತಿದ್ಲಲ್ಲ, ಆ ತಂತಿ. ಆಕಿ ತೀರಿಹೋದ ಮ್ಯಾಲೆ ನಾನೇ ಬಿಚ್ಚಿದೆ."

"ಹಾಗಾದ್ರೆ ತೆಗೀಲಾ?"

"ತೆಗದು ನೋಡು."

ತೆಗೆದೆ. ಹೊರಗೆ ಹೋಗಿ ಆಂಟೆನಾಕ್ಕೆ ಮೀಟರು ಹಚ್ಚಿದೆವು. ಕಂಪ್ಯೂಟರು ಹೇಳಿದ್ದು ಒಂದು, ಮೀಟರು ತೋರಿಸಿದ್ದು ಇನ್ನೊಂದು. ತಂತಿಯನ್ನು ಪರದೆಯಲ್ಲಿ ಮತ್ತೆ ಸೇರಿಸಿದೆ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದವು. ಚಾಚಾ ಮೀಟರು ಎತ್ತಿಕೊಂಡು ಮನೆಯತ್ತ ನಡೆದರು, ಅಂಗಳದ ನಡುವೆ ತಲೆ ತಗ್ಗಿಸಿದರು. ಅವತ್ತು ನನಗೆ ಅದು ಕುತ್ತಿಗೆನೋವು ಅನ್ನಿಸಲಿಲ್ಲ.

ಈಗ ಚಾಚಾನೂ ಇಲ್ಲ. ಆಂಟೆನಾ ಇಳಿಸಿಯಾಗಿದೆ. ಮನೆಗೆ ಹುಬ್ಬಳ್ಳಿ ಕಡೆಯ ಬಾಡಿಗೆಯವರು ಬಂದಿದ್ದಾರೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ, ನಾನೂ ಹೇಳಿಲ್ಲ. ನಿನ್ನೆ ಆ ಮನೆಯ ಹೆಂಗಸು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಚ್ಚಲಿಂದ ಹೊರಬಂದರು. ಅಂಗಳದ ನಡುವೆ ಬಂದು ನಿಂತರು. ಬಕೆಟ್ಟು ಕೆಳಗಿಟ್ಟು, ಒಂದು ಸೀರೆ ಹಿಂಡಿ, ತಂತಿಯೇ ಇಲ್ಲದ ಅಲ್ಲಿ ಅದನ್ನು ಹರವಲು ಎರಡೂ ಕೈ ಮೇಲೆತ್ತಿದರು.